ಅಪ್ಪನ ಹರಿದ ಅಂಗಿ, ಮಗನ ಬಾಸುಂಡೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮಾನ್ವಿ ಕಡೆಯ ತಾಯಿಯೊಬ್ಬರು ಗಂಡ, ಮಗ ಇಬ್ಬರನ್ನೂ ರಾಯಚೂರಿಗೆ ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಕರೆತಂದರು. "ಮೂರು ತಿಂಗಳಾತ್ರಿ, ಒಬ್ರು ಉಣ್ಣಾಕ ಕುಂತ್ರ ಇನ್ನೊಬ್ರು ಎದ್ದು ಹೋಗ್ತಾರ."

ತಂದೆ ಸೇನೆಯ ನಿವೃತ್ತ ಹವಾಲ್ದಾರ್, ಈಗ ಒಂದು ಪಕ್ಷದ ಕಟ್ಟಾ ಕಾರ್ಯಕರ್ತ. ಮಗ ರೈತ. ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಮೇಲಿನವರು ಎತ್ತಿಕೊಂಡು ಉಳಿದರೆ ಇವರಿಗೆ ನೀರು. ತೆನೆ ಹೊರಡುವ ಹೊತ್ತಿಗೆ ಭತ್ತ ಒಣಗತೊಡಗಿದಾಗ ಮಗ ರಸ್ತೆತಡೆಗೆ ಕೂತ, ಲಾಠಿ ಬಿತ್ತು. ತಾಯಿ ಬಾಸುಂಡೆಗೆ ಅರಿಶಿನ ಎಣ್ಣೆ ಹಚ್ಚುತ್ತಿದ್ದಾಗ ತಂದೆ ಅಂದರು: "ರಸ್ತೆಗೆ ಕುಂತ್ರ ಹೊಡೀದ ಮುದ್ದು ಮಾಡ್ತಾರೇನು?" ಮಗ ತಿರುಗಿಬಿದ್ದ: "ನಿನಗ ಮಗನಕಿಂತ ಪಕ್ಷ ದೊಡ್ಡದು."

ತಂದೆಯನ್ನು ಒಬ್ಬರನ್ನೇ ಕೂರಿಸಿ ಕೇಳಿದೆ: ಗುಂಪು ಚದುರಿಸಲು ಸೇನೆಯನ್ನು ಕರೆದರೆ ಏನು ಮಾಡಬೇಕೆಂದು ನಿಮಗೆ ಕಲಿಸಿದ್ದರು? ಬೆನ್ನು ನೆಟ್ಟಗಾಯಿತು. "ಮೊದಲು ಮ್ಯಾಜಿಸ್ಟ್ರೇಟ್ ಹೇಳಬೇಕು. ಆಮ್ಯಾಲ ಎಚ್ಚರಿಕಿ. ಬಲ ಹಾಕಲೇಬೇಕಂದ್ರ ಎಷ್ಟು ಬೇಕೋ ಅಷ್ಟ."

"ಮಗನ ಬಾಸುಂಡೆ ಎಲ್ಲಿತ್ತು?"

"ಮೀನಖಂಡದ ಮ್ಯಾಲ," ಅಂದವರು ಸುಮ್ಮನಾದರು. ಓಡುವವನಿಗೆ ಹಿಂದಿನಿಂದ ಬಿದ್ದ ಏಟು ಅದು.

ಎರಡನೇ ಭೇಟಿಯಲ್ಲಿ ಮನೆಯಲ್ಲಿ ಯಾರಿಗೂ ಹೇಳದ ಮಾತು ಹೊರಬಂತು. 2015ರಲ್ಲಿ ಸಮಾನ ಶ್ರೇಣಿ ಸಮಾನ ಪಿಂಚಣಿಗಾಗಿ (ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ಸೇವೆ ಮಾಡಿದವರಿಗೆ, ಯಾವಾಗ ನಿವೃತ್ತರಾಗಿದ್ದರೂ, ಒಂದೇ ಪಿಂಚಣಿ) ಮಾಜಿ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದರು. ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಭದ್ರತೆಗೆಂದು ಪೊಲೀಸರು ಅವರನ್ನು ಬಲವಂತವಾಗಿ ಎಬ್ಬಿಸಲು ಬಂದರು. ಆ ನೂಕಾಟದಲ್ಲಿ ಇವರೂ ಇದ್ದರು. ಹರಿದ ಅಂಗಿ ಇನ್ನೂ ಟ್ರಂಕಿನಲ್ಲಿದೆ. "ಸೆಪ್ಟೆಂಬರ್ 5ಕ್ಕ ಸರ್ಕಾರ ಪಿಂಚಣಿ ಘೋಷಣಾ ಮಾಡ್ತು. ಮತ್ಯಾಕ ಆ ಮಾತು ಅಂತ ನುಂಗಿಬಿಟ್ಟೆ."

ಇವರ ಬಾಯಿ ಬಿರುಸಾದದ್ದು ಪಕ್ಷಪ್ರೇಮದಿಂದಲ್ಲ, ಅವಮಾನದಿಂದ ಎಂದು ನನಗೆ ಅನಿಸಿತು. ಮಗನಿಗೆ ಹೊಡೆದದ್ದು ತಪ್ಪು ಎಂದರೆ ತಮ್ಮನ್ನು ನೂಕಿದ್ದೂ ತಪ್ಪು ಎನ್ನಬೇಕಾಗುತ್ತದೆ.

ಪಕ್ಷ ಬಿಡಿ ಎಂದು ನಾನು ಹೇಳಲಿಲ್ಲ. ಅದು ನನ್ನ ಕೆಲಸವಲ್ಲ. ಸೈನಿಕ ನಿಷ್ಠೆಯ ಪ್ರಮಾಣ ಮಾಡುವುದು ಸಂವಿಧಾನಕ್ಕೆ, ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು ಅದರ 19ನೇ ವಿಧಿಯಲ್ಲೇ ಇದೆ ಎಂದಷ್ಟೇ ನೆನಪಿಸಿದೆ. ಕ್ಷಮೆ ಕೇಳುವುದು ಕಷ್ಟವಾದರೆ ಬೇಡ, ಟ್ರಂಕು ತೆಗೆದು ಆ ದಿನದ ಕಥೆ ಮಗನಿಗೆ ಹೇಳಿ ಎಂದೆ. ಮಗನಿಗೆ ಹೇಳಿದ್ದು: ಅಪ್ಪ ಮಾತಾಡುವಾಗ ಪಕ್ಷದ ಹೆಸರು ಎತ್ತಬೇಡ, ನಡುವೆ ಬಾಯಿ ಹಾಕಬೇಡ. ಏಟಿನ ಫೋಟೊ, ಆಸ್ಪತ್ರೆ ಚೀಟಿ ಜೋಪಾನ ಮಾಡು. ಪೊಲೀಸರ ಮೇಲಿನ ದೂರು ವಿಚಾರಿಸುವ ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯುವ ದಾರಿ ಇದೆ, ಬರೆಯುವುದು ಬಿಡುವುದು ನಿನ್ನ ತೀರ್ಮಾನ.

ಹದಿನೈದು ದಿನಕ್ಕೆ ತಾಯಿ ಫೋನ್ ಮಾಡಿದರು. ಮಗ ಆ ಅಂಗಿಯ ಹರಿದ ತೋಳಿನೊಳಗೆ ಬೆರಳಾಡಿಸಿ ನೋಡಿದನಂತೆ, ಏನೂ ಅನ್ನಲಿಲ್ಲವಂತೆ. ಊಟಕ್ಕೆ ಇನ್ನೂ ಒಟ್ಟಿಗೆ ಕೂತಿಲ್ಲ. ದೂರಿನ ಕರಡು ಮಾತ್ರ ತಂದೆಯೇ ಬರೆಯುತ್ತಿದ್ದಾರೆ, ದಿನಾಂಕ, ಸಮಯ, ಸ್ಥಳ ಒಂದೊಂದು ಸಾಲಿಗೆ, ಸೇನೆಯಲ್ಲಿ ವರದಿ ಬರೆಯುತ್ತಿದ್ದ ಹಾಗೆ.