ಪ್ಲಾಂಟರ್‌ಗೆ ಉಳುಮೆ ತಾಳು ಹಾಕಿಸುವ ಮೊದಲು ಅದರ ಸ್ಟ್ಯಾಂಡ್ ಎಲ್ಲಿದೆ ನೋಡಿ

ನಾಲ್ಕು ಸಾಲಿನ ಮೆಕ್ಕೆಜೋಳದ ಪ್ಲಾಂಟರ್ (ಬಿತ್ತುವ ಯಂತ್ರ), 45 ಎಚ್‌ಪಿ ಟ್ರ್ಯಾಕ್ಟರ್, ಮುಂದೆ ಕಲ್ಟಿವೇಟರ್ ತಾಳು (ಮಣ್ಣು ಸೀಳುವ ಕಬ್ಬಿಣದ ಹಲ್ಲು), ಹಿಂದೆ ಕಾಳು ಮುಚ್ಚುವ ಕುಂಟೆ. ಹರಗುವುದು, ಬಿತ್ತುವುದು, ಮುಚ್ಚುವುದು ಒಂದೇ ಸಲಕ್ಕೆ ಮುಗಿಯಬೇಕು. ಟ್ರ್ಯಾಕ್ಟರ್ ಎಳೆಯುತ್ತದಾ, ವೆಲ್ಡಿಂಗ್ ಮಾಡಿಸಲಾ ಬೋಲ್ಟ್ ಹಾಕಿಸಲಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಮಾಡಿಸಿದ್ದೆ, ಇಷ್ಟೇ ಎಚ್‌ಪಿ ಟ್ರ್ಯಾಕ್ಟರ್‌ಗೆ. ಟ್ರ್ಯಾಕ್ಟರ್ ಎಳೆಯಿತು. ಬೋಲ್ಟ್ ಒಂದೂ ಮುರಿಯಲಿಲ್ಲ. ಆದರೂ ನನ್ನ ಬಲಗೈಯ ಮೂರು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ನಮ್ಮದು ರಾಣೆಬೆನ್ನೂರು ಕಡೆ. ಸ್ವಲ್ಪ ಮಸಾರಿ (ಕೆಂಪು ಮಣ್ಣು), ಜಾಸ್ತಿ ಎರೆ (ಕಪ್ಪು ಮಣ್ಣು). ರೋಹಿಣಿ ಮಳೆ ಬಿದ್ದರೆ ಇಡೀ ಊರೇ ಒಟ್ಟಿಗೆ ಬಿತ್ತನೆಗೆ ನಿಲ್ಲುತ್ತದೆ. ಹದ ಆರುವುದರೊಳಗೆ ಬಿತ್ತಬೇಕು. ಬಾಡಿಗೆ ಟ್ರ್ಯಾಕ್ಟರ್ ಸಿಗುವುದಿಲ್ಲ, ಆಳು ಸಿಗುವುದಿಲ್ಲ. ಒಂದೇ ಸಲಕ್ಕೆ ಹರಗಿ ಬಿತ್ತಿದರೆ ಡೀಸೆಲ್ ಉಳಿಯುತ್ತದೆ, ಹದವೂ ಸಿಗುತ್ತದೆ ಅನ್ನುವ ಲೆಕ್ಕ ನನಗೂ ಸರಿ ಅನ್ನಿಸಿತ್ತು.

ಪ್ಲಾಂಟರ್ ತಗೊಂಡು ಫ್ಯಾಬ್ರಿಕೇಶನ್ ಅಂಗಡಿಗೆ ಹೋದೆ. ಬಿತ್ತನೆ ತಾಳಿನ ಮುಂದೆ ಒಂದು ಅಡ್ಡ ಪೈಪ್ ಕೂರಿಸಿ, ಅದಕ್ಕೆ ಕಲ್ಟಿವೇಟರ್ ತಾಳು ಕಟ್ಟಬೇಕಿತ್ತು. ಜಾಗ ಸಾಲಲಿಲ್ಲ. ಪ್ಲಾಂಟರ್‌ಗೆ ಕಂಪನಿಯಿಂದಲೇ ಮುಂದೆ ಎರಡು ಕಾಲು, ಅಂದರೆ ಸ್ಟ್ಯಾಂಡ್, ಬಂದಿದ್ದವು. ಟ್ರ್ಯಾಕ್ಟರ್ ಬಿಚ್ಚಿದಾಗ ಅದು ನಿಲ್ಲುವುದು ಆ ಕಾಲಿನ ಮೇಲೆಯೇ, ಪಿನ್ ತೆಗೆದು ಮೇಲೆ ಕೆಳಗೆ ಮಾಡುವಂಥವು. ಅಂಗಡಿಯವರು ಕೇಳಿದರು: "ಯಜಮಾನ್ರ, ಇವು ಅಡ್ಡ ಬರ್ತಾವು, ಕಟ್ ಮಾಡ್ಲ್ಯಾ?" ನಾನು ಮಾಡಿ ಅಂದೆ.

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅಂಗಡಿಯವರೂ ಇದೇ ಪ್ರಶ್ನೆ ಕೇಳುತ್ತಾರೆ.

ಆ ಕಾಲು ಶೆಡ್ಡಿನಲ್ಲಿ ನಿಲ್ಲಿಸುವುದಕ್ಕೆ ಮಾತ್ರ ಅಂತ ನಾನು ತಿಳಿದಿದ್ದೆ. ಹೊಲದಲ್ಲಿ ಅದಕ್ಕೇನು ಕೆಲಸ, ಅಲ್ಲಿ ಯಂತ್ರ ಎತ್ತಿ ಹಿಡಿಯಲು ಟ್ರ್ಯಾಕ್ಟರ್‌ನ ಲಿಫ್ಟ್ ಇದೆಯಲ್ಲ ಅನ್ನುವ ಯೋಚನೆ. ಆದರೆ ಮೊದಲು ತಾಳಿಗೆ ಮಣ್ಣು ಮೆತ್ತಿಕೊಂಡರೆ ನಾನು ಏನು ಮಾಡುತ್ತಿದ್ದೆ? ಯಂತ್ರ ಎತ್ತುತ್ತಿದ್ದೆ, ಕಾಲು ಇಳಿಸಿ ಪಿನ್ ಹಾಕುತ್ತಿದ್ದೆ, ಮತ್ತೆ ಲಿಫ್ಟ್ ಇಳಿಸಿ ಭಾರ ಪೂರ್ತಿ ಕಾಲಿನ ಮೇಲೆ ಬಿಡುತ್ತಿದ್ದೆ. ಆಮೇಲೆ ಬಗ್ಗಿ ಕೆರೆಯುತ್ತಿದ್ದೆ. ಅದೊಂದು ರೂಢಿ, ಅದೇ ನನ್ನನ್ನು ಕಾಯುತ್ತಿದೆ ಅಂತ ಗೊತ್ತಿರಲಿಲ್ಲ. ಕಾಲು ಹೋಯಿತು, ರೂಢಿಯೂ ಹೋಯಿತು. ಮುಂದೆ ತಾಳು ಕೂಡಿಸಿದ ಮೇಲೆ ಮಣ್ಣು, ಕಸ, ಹಿಂದಿನ ಬೆಳೆಯ ಕೂಳೆ ಎಲ್ಲ ಎರಡು ಸಾಲು ತಾಳಿನ ನಡುವೆ ಸಿಕ್ಕಿಕೊಳ್ಳತೊಡಗಿತು. ಬಗ್ಗಬೇಕಾದ ಸಲ ಜಾಸ್ತಿ ಆಯಿತು, ಆಸರೆ ಇಲ್ಲವಾಯಿತು.

ಅವತ್ತು ಎರೆ ಹೊಲದಲ್ಲಿದ್ದೆವು. ಒಂದು ತಾಳಿನ ಕಾಳು ಬೀಳುವ ಪೈಪ್ ಕಟ್ಟಿಕೊಂಡಿತು. ಬದುವಿನ ಹತ್ತಿರ ನಿಲ್ಲಿಸಿ ಲಿಫ್ಟ್ ಎತ್ತಿದೆ. ಇಂಜಿನ್ ಆಫ್ ಮಾಡಿದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಹ್ಯಾಂಡ್ ಬ್ರೇಕ್ ಹಾಕಿದೆ. ಕುರ್ಪಿ ತಗೊಂಡು ಕೆಳಗೆ ಕೈ ಹಾಕಿದೆ. ಅಣ್ಣನ ಮಗ ಬದುವಿನ ಮೇಲಿದ್ದ. "ಕಾಕಾ, ನಿಮ್ಮ ಫೋನ್ ಬಡ್ಕೊಳ್ಳಾಕತ್ತೈತಿ" ಅಂತ ಟ್ರ್ಯಾಕ್ಟರ್ ಹತ್ತಿದ. ಫೋನ್ ಸೀಟಿನ ಪಕ್ಕದ ಡಬ್ಬಿಯಲ್ಲಿತ್ತು. ಅವನ ಮೊಣಕಾಲು ಲಿಫ್ಟಿನ ಲಿವರ್‌ಗೆ ತಾಗಿತು.

ಇಂಜಿನ್ ಆಫ್ ಇದ್ದರೆ ಲಿಫ್ಟ್ ಇಳಿಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ, ಇಷ್ಟು ವರ್ಷ ಟ್ರ್ಯಾಕ್ಟರ್ ಹೊಡೆದೂ. ಲಿಫ್ಟ್ ಮೇಲೇಳಲು ಪಂಪ್ ಬೇಕು, ಪಂಪ್‌ಗೆ ಇಂಜಿನ್ ಬೇಕು. ಇಳಿಯಲು ಏನೂ ಬೇಡ. ಲಿವರ್ ಕೆಳಗೆ ಸರಿದರೆ ವಾಲ್ವ್ ತೆರೆಯುತ್ತದೆ. ಸಿಲಿಂಡರ್‌ನಲ್ಲಿ ನಿಂತಿದ್ದ ಎಣ್ಣೆ ವಾಪಸ್ ಹರಿಯುತ್ತದೆ. ಅದನ್ನು ತಳ್ಳುವುದು ಯಂತ್ರದ ಭಾರವೇ. ಹಾಗಾಗಿ ಭಾರ ಜಾಸ್ತಿ ಮಾಡಿದಷ್ಟೂ ಜೋರಾಗಿ ಬೀಳುತ್ತದೆ. ಬರೀ ಪ್ಲಾಂಟರ್ ಇದ್ದಾಗ ಮೆಲ್ಲಗೆ ಇಳಿಯುತ್ತಿದ್ದದ್ದು, ತಾಳು, ಅಡ್ಡ ಪೈಪ್, ಕುಂಟೆ, ಗೊಬ್ಬರ ತುಂಬಿದ ಪೆಟ್ಟಿಗೆ ಎಲ್ಲ ಸೇರಿ ಧಡಕ್ಕನೆ ಬಿತ್ತು. ಕೈ ಎಳೆದುಕೊಳ್ಳುವಷ್ಟು ಹೊತ್ತೂ ಸಿಗಲಿಲ್ಲ. ಲಿವರ್ ಮುಟ್ಟದೇ ಇದ್ದರೂ ಹಳೆಯ ಸೀಲ್ ಸವೆದಿದ್ದರೆ ಎಣ್ಣೆ ಒಳಗೊಳಗೇ ಸೋರಿ ಯಂತ್ರ ಇಳಿಯುತ್ತಾ ಹೋಗುತ್ತದೆ. ಹೈಡ್ರಾಲಿಕ್ ಪೈಪ್ ಒಡೆದರೂ ಅಷ್ಟೇ.

ನಂಬಿಕೆ ಬರದಿದ್ದರೆ ನಿಮ್ಮ ಟ್ರ್ಯಾಕ್ಟರ್‌ನಲ್ಲೇ ನೋಡಿ. ಸಮತಟ್ಟು ಜಾಗ ಇರಲಿ. ಹಿಂದೆ ಯಾರೂ ಇರಬಾರದು, ನಾಯಿ ಕೋಳಿ ಕೂಡ. ಪ್ಲಾಂಟರ್ ಎತ್ತಿ ಇಂಜಿನ್ ಆಫ್ ಮಾಡಿ. ಸೀಟಿನಲ್ಲೇ ಕೂತು ಲಿವರ್ ಇಳಿಸಿ. ಮನೆಯಲ್ಲಿ ಟ್ರ್ಯಾಕ್ಟರ್ ಹತ್ತುವ ಎಲ್ಲರನ್ನೂ ದೂರ ನಿಲ್ಲಿಸಿ ಇದನ್ನು ತೋರಿಸಿ. ನಮ್ಮ ಹುಡುಗನಿಗೆ ನಾನು ತೋರಿಸಿರಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಫೋನ್ ತರಲು ಹೋದ ಹುಡುಗ, ಅಷ್ಟೇ.

ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಸೀಟಿನ ಕೆಳಗೆ ಒಂದು ತಿರುಪು ಇರುತ್ತದೆ, ಯಂತ್ರ ಇಳಿಯುವ ವೇಗ ಕಡಿಮೆ ಮಾಡಲು. ಅದನ್ನು ಪೂರ್ತಿ ತಿರುಗಿಸಿದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಸ್ತೆಯಲ್ಲಿ ಹೋಗುವಾಗ ಅದು ಉಪಯೋಗಕ್ಕೆ ಬರುತ್ತದೆ. ಕೆಳಗೆ ಕೈ ಹಾಕುವುದಕ್ಕೆ ಗಟ್ಟಿ ಆಸರೆ ಬೇಕು, ಎಣ್ಣೆಯ ಆಸರೆ ಅಲ್ಲ.

ಹಾಗಾಗಿ ಅಂಗಡಿಗೆ ಹೋದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಎಚ್‌ಪಿಯದ್ದಲ್ಲ. ಇದೆಲ್ಲ ಜೋಡಿಸಿದ ಮೇಲೆ ಇದು ತಾನಾಗಿ ಎಲ್ಲಿ ನಿಲ್ಲುತ್ತದೆ, ಎಷ್ಟು ಕಾಲಿನ ಮೇಲೆ ನಿಲ್ಲುತ್ತದೆ ಅಂತ ಕೇಳಿ. ಹಳೆಯ ಕಾಲು ಅಡ್ಡ ಬಂದರೆ ಅದನ್ನು ಪಕ್ಕಕ್ಕೆ ಸರಿಸಿ ಕೂರಿಸಲಿ, ಉದ್ದ ಮಾಡಲಿ, ಹಿಂದೆಯೂ ಎರಡು ಕೊಡಲಿ. ಮುಂದೆ ಭಾರ ಬಂದ ಮೇಲೆ ಹಳೆಯ ಸಮತೋಲ ಉಳಿಯುವುದಿಲ್ಲ. ಟ್ರ್ಯಾಕ್ಟರ್‌ನಿಂದ ಬಿಚ್ಚಿದ ಕೂಡಲೇ ಮೂತಿ ಕೆಳಗಾಗಿ ಬೀಳಬಹುದು, ಟಾಪ್ ಲಿಂಕ್ (ಯಂತ್ರವನ್ನು ಟ್ರ್ಯಾಕ್ಟರ್‌ಗೆ ಜೋಡಿಸುವ ಮೇಲಿನ ಕೊಂಡಿ) ಪಿನ್ ತೆಗೆಯುತ್ತಿರುವವನ ಮೇಲೆಯೇ. ಕಾಲು ಕೊಡಲು ಆಗುವುದೇ ಇಲ್ಲ ಅಂದರೆ ಜೋಡಣೆಯನ್ನೇ ಬಿಡಿ. ಹೊಲಕ್ಕೆ ಹೋಗುವಾಗ ಎರಡು ದಪ್ಪ ಕಟ್ಟಿಗೆ ದಿಮ್ಮಿ ಕೂಡ ಟ್ರ್ಯಾಕ್ಟರ್‌ನಲ್ಲಿ ಇರಲಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಭಾರ ಬಿದ್ದರೆ ಒಡೆದುಹೋಗುತ್ತವೆ. ಹಸಿ ನೆಲವಾದರೆ ಕಾಲಿನ ಕೆಳಗೆ ಹಲಗೆ ಇಡಿ, ಇಲ್ಲದಿದ್ದರೆ ಎರೆಯಲ್ಲಿ ಹೂತುಹೋಗುತ್ತದೆ. ಆದಷ್ಟು ಉದ್ದ ಸಲಾಕೆಯಿಂದ ಪಕ್ಕದಲ್ಲಿ ನಿಂತೇ ಮಣ್ಣು ಕೆರೆಯಿರಿ.

ಇನ್ನು ವೆಲ್ಡಿಂಗ್ ಬೇಡ, ಪೈಪನ್ನು ಸುತ್ತಿ ಹಿಡಿಯುವ ಯು ಬೋಲ್ಟ್ ಹಾಕಿಸಿ. ವೆಲ್ಡಿಂಗ್ ಶಾಖಕ್ಕೆ ಫ್ರೇಮಿನ ಪೈಪ್ ಸೊಟ್ಟಗಾಗಬಹುದು, ಕಲ್ಲು ತಾಗಿದಾಗ ಬಿರುಕು ಬಿಡುವುದೂ ವೆಲ್ಡಿಂಗ್ ಪಕ್ಕದಲ್ಲೇ. ಯು ಬೋಲ್ಟ್ ಆದರೆ ಸಾಲಿನ ಅಂತರ ಬದಲಾದಾಗ ಸರಿಸಬಹುದು. ಮೆಕ್ಕೆಜೋಳಕ್ಕೆ 60 ಸೆಂ.ಮೀ., ಶೇಂಗಾಕ್ಕೆ 30. ಬೋಲ್ಟ್ 8.8 ಗ್ರೇಡಿನದ್ದು (ಅದರ ಗಟ್ಟಿತನದ ಗುರುತು) ಇರಲಿ. ಹೊಸ ಬಣ್ಣದ ಮೇಲೆ ಬಿಗಿದ ನಟ್ಟು ಬಣ್ಣ ಸವೆದ ಕೂಡಲೇ ಸಡಿಲಾಗುತ್ತದೆ. ಮೊದಲ ಸುತ್ತು ಮುಗಿದ ಮೇಲೆ ಯಂತ್ರ ನೆಲಕ್ಕೆ ಇಳಿಸಿ ಪಾನಾ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ಬಿಗಿಯಿರಿ. ಲಿಂಕ್ ಪಿನ್ನಿಗೆ ಲಿಂಚ್ ಪಿನ್ (ಅದು ಜಾರಿ ಬೀಳದಂತೆ ತಡೆಯುವ ಚಿಕ್ಕ ಪಿನ್) ಬದಲು ಮೊಳೆ, ತಂತಿ ಹಾಕುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಪಿನ್ನಿಗೆ ಕೊಡುವ ದುಡ್ಡು ಯಾವ ಲೆಕ್ಕದ್ದೂ ಅಲ್ಲ, ಎರಡು ಜಾಸ್ತಿ ತಂದಿಡಿ.

ಎಚ್‌ಪಿ ಬಗ್ಗೆ ಕೇಳಿದ್ದೀರಿ. ಎಳೆಯುವುದಕ್ಕೆ 45 ಸಾಕಾಗಬಹುದು. ತೊಂದರೆ ಬರುವುದು ಎತ್ತುವಾಗ. ತಾಳಿಗೆ ಜಾಗ ಮಾಡಲು ಪ್ಲಾಂಟರ್ ಹಿಂದಕ್ಕೆ ಹೋಗುತ್ತದೆ. ಅದೇ ಭಾರ ದೂರ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಕಂಪನಿಯವರು ಹೇಳುವ ಎತ್ತುವ ಶಕ್ತಿ ಲಿಂಕಿನ ತುದಿಯಲ್ಲೋ ಅದರ ಸ್ವಲ್ಪ ಹಿಂದೆಯೋ ಅಳೆದದ್ದು, ನಿಮ್ಮ ಕುಂಟೆ ಇರುವ ಜಾಗದಲ್ಲಿ ಅಲ್ಲ. ಬದು ದಾಟುವಾಗ ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ನೇರ ಹೋದರೆ ಅದರ ಅರ್ಥ ಇದೇ. ಯಂತ್ರ ಎತ್ತಿದಾಗಲೂ ಟ್ರ್ಯಾಕ್ಟರ್‌ನ ಸ್ವಂತ ತೂಕದ ಕನಿಷ್ಠ 20% ಮುಂದಿನ ಚಕ್ರದ ಮೇಲೆ ಇರಬೇಕು. ಟ್ರ್ಯಾಕ್ಟರ್ 2000 ಕೆಜಿ ಇದ್ದರೆ 400 ಕೆಜಿ. ಇದನ್ನು ಊಹಿಸಬೇಕಾಗಿಲ್ಲ. ಪೆಟ್ಟಿಗೆ ತುಂಬಿ, ಯಂತ್ರ ಎತ್ತಿ, ವೇ ಬ್ರಿಡ್ಜ್ ಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ. ಕಡಿಮೆ ಬಂದರೆ ಮುಂದೆ ವೇಟ್ ಹಾಕಿಸಿ. ಪೆಟ್ಟಿಗೆಗೆ ಹಾಕುವ ಡಿಎಪಿ ಗೊಬ್ಬರದ ಚೀಲ ಒಂದೇ 50 ಕೆಜಿ. ಯಂತ್ರ ನೆಲದ ಮೇಲಿರುವಾಗ ಮಾತ್ರ ತುಂಬಿ, ಎತ್ತಿ ಹಿಡಿದು ತುಂಬಬೇಡಿ.

ಪೈಪ್ ಕಟ್ಟಿದೆಯಾ ನೋಡಲು ಪ್ಲಾಂಟರ್‌ನ ಹಲಗೆಯ ಮೇಲೆ ಆಳು ನಿಲ್ಲಿಸುವ ಪದ್ಧತಿ ನಿಮ್ಮಲ್ಲೂ ಇರಬಹುದು. ಹಿಂದೆ ಕುಂಟೆ ಕಟ್ಟಿದ ಮೇಲೆ ಅಲ್ಲಿ ಯಾರೂ ನಿಲ್ಲಬಾರದು. ಜಾರಿದರೆ ನೇರ ಕುಂಟೆಯ ಕುಡದ (ಅಲಗಿನ) ಮುಂದೆ ಬೀಳುತ್ತಾರೆ. ಇದರಲ್ಲಿ ರಾಜಿಯೇ ಇಲ್ಲ. ನಡೆದುಕೊಂಡು ನೋಡಲಿ, ಸಾಲಿನ ಕೊನೆಗೆ ನಿಲ್ಲಿಸಿ ನೋಡಲಿ. ನೆಲದ ಮೇಲೆ ಉರುಳಿ ಕಾಳು ಬೀಳಿಸುವ ನೆಲಚಕ್ರದ ಚೈನಿನ ಹತ್ತಿರವೂ ಕೈ ಬೇಡ, ಯಂತ್ರ ಎತ್ತಿದ್ದಾಗ ಯಾರಾದರೂ ಚಕ್ರ ತಿರುಗಿಸಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ತಾಳು ನೆಲದಲ್ಲಿರುವಾಗ ಹಿಂದಕ್ಕೆ ತೆಗೆಯಬೇಡಿ. ಪೈಪ್‌ಗಳಿಗೆ ಮಣ್ಣು ತುಂಬುತ್ತದೆ, ನೀವು ಮತ್ತೆ ಕೆಳಗೆ ಬಗ್ಗಬೇಕಾಗುತ್ತದೆ.

ಈಗ ನನ್ನ ಅಭಿಪ್ರಾಯ. ನಿಮ್ಮದು ಎರೆ ಆದರೆ ಮುಂದಿನ ತಾಳು ಹಾಕಿಸಲೇಬೇಡಿ. ಒಂದೇ ಸಲಕ್ಕೆ ಎಲ್ಲ ಆಗಬೇಕು ಅನ್ನುವ ಆಸೆಯೇ ಅಲ್ಲಿ ಸರಿ ಇಲ್ಲ. ಹಸಿ ಎರೆಯನ್ನು ತಾಳಿನಿಂದ ಎಬ್ಬಿಸಿ, ಆ ಕ್ಷಣವೇ ಅದರಲ್ಲಿ ಕಾಳು ಹಾಕಿದರೆ ಹೆಂಟೆಗಳ ನಡುವೆ ಬೀಳುತ್ತದೆ. ಕಾಳಿಗೆ ಮಣ್ಣು ಒತ್ತಿಕೊಳ್ಳುವುದಿಲ್ಲ, ತೇವ ಹಾರಿಹೋಗುತ್ತದೆ. ಮೆಕ್ಕೆಜೋಳ 4–5 ಸೆಂ.ಮೀ. ಆಳದಲ್ಲಿ ಬೀಳಬೇಕು. ಸಡಿಲ ಮಣ್ಣಿನಲ್ಲಿ ಪ್ಲಾಂಟರ್ ತಾಳು ಒಂದು ಕಡೆ ಆಳಕ್ಕೆ, ಒಂದು ಕಡೆ ಮೇಲೆ ಹೋಗುತ್ತದೆ. ನೆಲಚಕ್ರ ಜಾರಿದರೆ ಕಾಳೇ ಬೀಳುವುದಿಲ್ಲ. ನನ್ನ ಎರೆ ಹೊಲದಲ್ಲಿ ಅವತ್ತು ಬಿತ್ತಿದಷ್ಟು ಜಾಗದಲ್ಲೂ ಆಮೇಲೆ ಸಾಲುಗಳು ಹಲ್ಲು ಬಿದ್ದ ಬಾಯಿಯಂತೆ ಎದ್ದಿದ್ದವು. ಉಳಿದದ್ದನ್ನು ಪಕ್ಕದ ಹೊಲದವರು ಬಿತ್ತಿಕೊಟ್ಟರು, ನಾನು ಆಗ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೆ.

ಮಸಾರಿ ಆದರೆ, ಮೊದಲೇ ಒಮ್ಮೆ ಹರಗಿದ್ದರೆ, ಮುಂದೆ ಮೇಲ್ಮಣ್ಣು ಕೆದಕಿ ಕಸ ತೆಗೆಯುವಷ್ಟು ಹಗುರ ತಾಳು ಪರವಾಗಿಲ್ಲ. ಬಿತ್ತನೆ ತಾಳಿಗಿಂತ ಆಳ ಹೋಗದಂತೆ ಇರಲಿ. ಹಿಂದಿನ ಕುಂಟೆ ಮಾತ್ರ ಒಳ್ಳೆಯದೇ, ಕೂರಿಗೆಯ ಹಿಂದೆ ಕುಂಟೆ ಹೊಡೆದು ಕಾಳು ಮುಚ್ಚುವುದು ನಮ್ಮ ಹಿರಿಯರ ಕಾಲದ್ದು. ನಾನು ಈಗ ಅಷ್ಟೇ ಇಟ್ಟುಕೊಂಡಿದ್ದೇನೆ. ಹರಗುವುದಕ್ಕೆ ಬೇರೆ ಸಲ ಹೋಗುತ್ತೇನೆ, ಆ ಡೀಸೆಲ್ ಖರ್ಚು ನನಗೆ ಒಪ್ಪಿಗೆ.

ರೋಟರ್ (ತಿರುಗುವ ಅಲಗಿನಿಂದ ಮಣ್ಣು ಪುಡಿ ಮಾಡುವ ರೋಟವೇಟರ್) ಮೇಲೆಯೇ ಬಿತ್ತನೆ ಪೆಟ್ಟಿಗೆ ಕೂರಿಸುವ ಯೋಚನೆಯನ್ನೂ ಯಾರಾದರೂ ನಿಮ್ಮ ತಲೆಗೆ ಹಾಕಬಹುದು. ಪಂಜಾಬಿನಲ್ಲಿ ಭತ್ತದ ಕೂಳೆಯಲ್ಲಿ ಗೋಧಿ ಬಿತ್ತಲು ಸೂಪರ್ ಸೀಡರ್ ಅಂತ ಅಂಥ ಯಂತ್ರ ಇದೆ. ಅದು ಕಾರ್ಖಾನೆಯಲ್ಲೇ ಹಾಗೆ ತಯಾರಾದದ್ದು, ದೊಡ್ಡ ಟ್ರ್ಯಾಕ್ಟರ್ ಬೇಕು. ಊರಿನ ಅಂಗಡಿಯಲ್ಲಿ ಮಾಡಿಸಬೇಡಿ. ಇಂಜಿನ್ ಶಕ್ತಿಯನ್ನು ಅಂಥ ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9. ಟವೆಲ್ ತುದಿ ಸಿಕ್ಕರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಅಂಥ ಯಂತ್ರವೇ ಬೇಕಿದ್ದರೆ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ.

ನಿಮ್ಮ ಮಣ್ಣು ಯಾವುದು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ಅದನ್ನು ಹೇಳಿ. ಪ್ಲಾಂಟರ್ ಫ್ರೇಮಿನ ಫೋಟೋ ಕೂಡ ಹಾಕಿ, ಪಕ್ಕದಿಂದ ತೆಗೆದದ್ದು, ಕಾಲು ಕಾಣುವಂತೆ. ಯು ಬೋಲ್ಟ್ ಎಲ್ಲಿ ಕೂರಿಸಬಹುದು ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಗಡಿಯವರಿಗೆ ಏನನ್ನೂ ಕತ್ತರಿಸಲು ಕೊಡಬೇಡಿ.