ದ್ವೀಪಕ್ಕೆ ಹೊರಡುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಉಷ್ಣವಲಯದ ದ್ವೀಪಗಳಿಗೆ ರಜೆಯಲ್ಲಿ ಹೋಗಬೇಕೆಂದಿರುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಡಲತೀರದ ಚೆಲುವಿನ ಬಗ್ಗೆ ಇರದೆ, ಪ್ರವೇಶದ ನಿಯಮ ಮತ್ತು ನಿರ್ಬಂಧಗಳ ಬಗ್ಗೆ ಇದ್ದದ್ದು ನನಗೆ ನಿಜಕ್ಕೂ ಸಂತೋಷ ತಂದಿದೆ. ಟಿಕೆಟ್ ಕೊಂಡ ಮೇಲೆ ನಿಯಮ ಓದಲು ಕುಳಿತು ರಜೆಯನ್ನೇ ಕಳೆದುಕೊಂಡವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಮೊದಲು ನಿಯಮ, ಆಮೇಲೆ ಋತು, ಕೊನೆಯಲ್ಲಿ ಟಿಕೆಟ್ ಎಂಬ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಉತ್ತರಗಳನ್ನು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾವು ಹೋಗಬೇಕೆಂದಿರುವ ದ್ವೀಪದಲ್ಲಿ ಬಂದಿಳಿದ ಮೇಲೆ ವೀಸಾ ಕೊಡುತ್ತಾರೆ. ನನ್ನ ಪಾಸ್‌ಪೋರ್ಟ್‌ಗೆ ಇನ್ನೂ ನಾಲ್ಕು ತಿಂಗಳ ಅವಧಿ ಇದೆ, ಪ್ರವಾಸ ಹತ್ತೇ ದಿನದ್ದು. ಮುಂಚಿತವಾಗಿ ಮಾಡಬೇಕಾದದ್ದು ಏನಾದರೂ ಇದೆಯೇ?

ಉತ್ತರ: ‘ಬಂದಿಳಿದ ಮೇಲೆ ವೀಸಾ’ ಎಂಬ ಮಾತು ಬಹಳ ಮಂದಿಯನ್ನು ದಾರಿ ತಪ್ಪಿಸಿದೆ. ವೀಸಾ ಅಲ್ಲಿಯೇ ಸಿಗುತ್ತದೆ ಎಂದಷ್ಟೇ ಅದರ ಅರ್ಥ, ಷರತ್ತುಗಳೇ ಇಲ್ಲ ಎಂದಲ್ಲ. ಪಾಸ್‌ಪೋರ್ಟ್ ಇನ್ನೆಷ್ಟು ತಿಂಗಳು ಚಾಲ್ತಿಯಲ್ಲಿರಬೇಕು ಎಂಬ ಬಗ್ಗೆ ಪ್ರತಿಯೊಂದು ದೇಶವೂ ತನ್ನದೇ ಲೆಕ್ಕ ಇಟ್ಟುಕೊಂಡಿದೆ. ಮಾಲ್ಡೀವ್ಸ್‌ಗೆ ಒಂದು ತಿಂಗಳ ಅವಧಿ ಉಳಿದಿದ್ದರೆ ಸಾಕು; ಬಾಲಿ ಇರುವ ಇಂಡೊನೇಷ್ಯಾ ದೇಶಕ್ಕೆ ಕಾಲಿಡುವ ದಿನದಿಂದ ಆರು ತಿಂಗಳು ಇರಲೇಬೇಕು. ಹೀಗಾಗಿ ನಿಮ್ಮ ನಾಲ್ಕು ತಿಂಗಳ ಪಾಸ್‌ಪೋರ್ಟ್ ಒಂದು ದ್ವೀಪಕ್ಕೆ ನಡೆಯುತ್ತದೆ, ಇನ್ನೊಂದಕ್ಕೆ ನಡೆಯುವುದಿಲ್ಲ. ಪ್ರವಾಸಕ್ಕೆ ಸಮಯವಿದ್ದರೆ ಪಾಸ್‌ಪೋರ್ಟ್ ನವೀಕರಿಸಿಕೊಂಡೇ ಹೊರಡಿ ಎಂಬುದು ನನ್ನ ಸಲಹೆ.

ಈ ತಪಾಸಣೆ ಮೊದಲು ನಡೆಯುವುದು ದ್ವೀಪದ ನೆಲದ ಮೇಲಲ್ಲ, ನೀವು ಹೊರಡುವ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ. ಪ್ರವೇಶಕ್ಕೆ ಅರ್ಹತೆಯಿಲ್ಲದ ಪ್ರಯಾಣಿಕನನ್ನು ಕರೆತಂದ ವಿಮಾನ ಸಂಸ್ಥೆಯೇ ದಂಡ ತೆರಬೇಕಾಗುತ್ತದೆ ಮತ್ತು ಅವನನ್ನು ಮರಳಿ ಕರೆದೊಯ್ಯಬೇಕಾಗುತ್ತದೆ. ಆದ್ದರಿಂದ ಅಲ್ಲಿನ ಸಿಬ್ಬಂದಿ ‘ಟಿಮ್ಯಾಟಿಕ್’ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಆಯಾ ದೇಶದ ನಿಯಮಗಳನ್ನು ನೋಡಿಯೇ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಾಲಿನಲ್ಲಿ ನನ್ನ ಮುಂದೆ ನಾಲ್ವರ ಕುಟುಂಬವೊಂದು ನಿಂತಿತ್ತು. ಕೌಂಟರಿನ ಹಿಂದಿದ್ದ ಯುವತಿ ಪಾಸ್‌ಪೋರ್ಟಿನ ದಿನಾಂಕದ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಯ ಬೆರಳುಗಳಲ್ಲಿ ತಿಂಗಳು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಮೂವರದ್ದು ಸರಿಯಿತ್ತು, ಚಿಕ್ಕ ಮಗುವಿನ ಪಾಸ್‌ಪೋರ್ಟಿಗೆ ಆರು ತಿಂಗಳು ತುಂಬಲು ಕೆಲವೇ ದಿನಗಳು ಕಡಿಮೆ ಬಿದ್ದಿದ್ದವು. ತೂಕಕ್ಕೆ ಇಟ್ಟಿದ್ದ ಸೂಟ್‌ಕೇಸುಗಳನ್ನು ಆ ತಂದೆ ಒಂದೊಂದಾಗಿ ಕೆಳಗಿಳಿಸಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಹಲವು ದೇಶಗಳಲ್ಲಿ ಮಕ್ಕಳ ಪಾಸ್‌ಪೋರ್ಟನ್ನು ದೊಡ್ಡವರದಕ್ಕಿಂತ ಕಡಿಮೆ ಅವಧಿಗೆ ಕೊಡುವುದರಿಂದ ಅದನ್ನು ಬೇರೆಯಾಗಿಯೇ ನೋಡಬೇಕು. ಮಗು ತಂದೆ ಅಥವಾ ತಾಯಿ ಒಬ್ಬರ ಜೊತೆ ಮಾತ್ರ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಕೈಯಲ್ಲಿರಲಿ.

ಹಿಂದಿರುಗುವ ಅಥವಾ ಮುಂದಿನ ದೇಶಕ್ಕೆ ಹೋಗುವ ಟಿಕೆಟ್, ತಂಗುವ ಜಾಗದ ಕಾಯ್ದಿರಿಸಿದ ಪತ್ರ, ಖರ್ಚಿಗೆ ಹಣವಿದೆ ಎಂಬುದಕ್ಕೆ ಪುರಾವೆ, ಈ ಮೂರನ್ನು ಬಹುತೇಕ ದ್ವೀಪ ರಾಷ್ಟ್ರಗಳು ಕೇಳುತ್ತವೆ. ಇದರ ಜೊತೆಗೆ ಈಗ ಆನ್‌ಲೈನ್ ಘೋಷಣೆಗಳು ಬಂದಿವೆ. ಮಾಲ್ಡೀವ್ಸ್ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳ ಒಳಗೆ ಪ್ರಯಾಣಿಕರ ಘೋಷಣೆಯನ್ನು ತುಂಬಬೇಕು. ಸೇಶೆಲ್ಸ್ ಯಾವ ದೇಶದವರಿಗೂ ವೀಸಾ ಕೇಳುವುದಿಲ್ಲವೆಂದು ಹೆಸರಾಗಿದ್ದರೂ ಪ್ರಯಾಣಕ್ಕೆ ಮೊದಲೇ ಅನುಮತಿ ಪಡೆದಿರಬೇಕೆಂದು ಹೇಳುತ್ತದೆ. ಇವುಗಳನ್ನು ಆಯಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ತುಂಬಿರಿ, ಏಕೆಂದರೆ ಅದೇ ರೂಪದ ನಕಲಿ ತಾಣಗಳು ಉಚಿತ ಅರ್ಜಿಗೂ ಹಣ ಕೀಳುತ್ತವೆ. ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೂ ವೀಸಾ ಬೇಕಾಗಬಹುದು ಎಂಬುದನ್ನು ಮರೆಯಬೇಡಿ. ಎರಡು ಬೇರೆ ಬೇರೆ ಟಿಕೆಟ್ ಕೊಂಡು ಮಧ್ಯದಲ್ಲಿ ಲಗೇಜ್ ಪಡೆದು ಮತ್ತೆ ಒಪ್ಪಿಸಬೇಕಾದರೆ ನೀವು ಆ ದೇಶದೊಳಕ್ಕೆ ಪ್ರವೇಶಿಸಿದಂತೆಯೇ ಲೆಕ್ಕ.

ಪ್ರಶ್ನೆ: ಹಳದಿ ಜ್ವರದ ಪ್ರಮಾಣಪತ್ರ ಯಾರಿಗೆ ಬೇಕು? ಸಾಂಕ್ರಾಮಿಕ ರೋಗದ ವಿಷಯದಲ್ಲಿ ದ್ವೀಪಗಳು ಇಷ್ಟು ಬಿಗಿಯಾಗಿರುವುದೇಕೆ?

ಉತ್ತರ: ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಸೊಳ್ಳೆಯಿಂದ ಹರಡುವ ಈ ರೋಗದ ಅಪಾಯವಿದೆ. ಅಲ್ಲಿಂದ ಬರುವವರಿಗೆ, ಮತ್ತು ಎಷ್ಟೋ ಕಡೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಹೊತ್ತು ಕಳೆದವರಿಗೆ ಪ್ರಮಾಣಪತ್ರ ಬೇಕಾಗುತ್ತದೆ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ. ಆದ್ದರಿಂದ ಹೊರಡುವ ವಾರದಲ್ಲಿ ಹಾಕಿಸಿಕೊಂಡರೆ ಕಾಗದ ಕೈಯಲ್ಲಿದ್ದೂ ಪ್ರಯೋಜನವಿಲ್ಲ. 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವನಪರ್ಯಂತ ಸಿಂಧುವಾಗಿದೆ. ಹಳೆಯ ಹತ್ತು ವರ್ಷದ ಗಡುವು ಈಗಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಪೆಸಿಫಿಕ್‌ನ ಸಮೋವಾ ದ್ವೀಪಗಳ ಇತಿಹಾಸದಲ್ಲಿದೆ. 1918ರ ನವೆಂಬರ್ 7ರಂದು ‘ತಲೂನೆ’ ಎಂಬ ಹಡಗು ಆಕ್ಲೆಂಡ್‌ನಿಂದ ಪಶ್ಚಿಮ ಸಮೋವಾದ ಅಪಿಯಾ ಬಂದರಿಗೆ ಬಂದಿತು. ಅದರಲ್ಲಿ ಇನ್‌ಫ್ಲುಯೆಂಜಾ ಪೀಡಿತರಿದ್ದರೂ ಪ್ರಯಾಣಿಕರನ್ನು ಇಳಿಯಲು ಬಿಟ್ಟರು. ಕೆಲವೇ ವಾರಗಳಲ್ಲಿ ಅಲ್ಲಿನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಸತ್ತುಹೋಯಿತು. ಪಕ್ಕದಲ್ಲೇ ಇರುವ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಹಡಗುಗಳಿಗೆ ಕಟ್ಟುನಿಟ್ಟಿನ ಕ್ವಾರಂಟೈನ್ ವಿಧಿಸಿದ್ದರಿಂದ ಆ ಜ್ವರಕ್ಕೆ ಅಲ್ಲಿ ಒಬ್ಬರೂ ಬಲಿಯಾಗಲಿಲ್ಲ. ಹೊರಗಿನ ರೋಗಗಳಿಗೆ ಒಗ್ಗಿಕೊಳ್ಳದ ಜನ, ಬೆರಳೆಣಿಕೆಯ ವೈದ್ಯರು, ಗಂಭೀರ ರೋಗಿಯನ್ನು ಸಾಗಿಸಲು ಸಮುದ್ರ ದಾಟಲೇಬೇಕಾದ ಸ್ಥಿತಿ ಇರುವೆಡೆ ಬಾಗಿಲಲ್ಲಿ ತಡೆಯುವುದೇ ಚಿಕಿತ್ಸೆ. 2020ರಲ್ಲಿ ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡ ಮಾಲ್ಡೀವ್ಸ್ ಕೂಡ ಮಾರ್ಚ್ ಕೊನೆಯಿಂದ ಜುಲೈ 15ರವರೆಗೆ ತನ್ನ ಗಡಿಯನ್ನು ಮುಚ್ಚಿಕೊಂಡಿತ್ತು. ಇಂಥ ನಿರ್ಬಂಧ ಮತ್ತೆ ಬರಲಾರದೆಂದು ಯಾರೂ ಭರವಸೆ ಕೊಡಲಾರರು. ರದ್ದುಪಡಿಸಿದರೆ ಹಣ ಮರಳುವ ಅಥವಾ ದಿನಾಂಕ ಬದಲಿಸಬಹುದಾದ ಟಿಕೆಟಿಗೆ ಸ್ವಲ್ಪ ಹೆಚ್ಚು ಕೊಡುವುದು ದಂಡವೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ದ್ವೀಪಗಳ ದರ ಬಹಳ ಇಳಿಯುತ್ತದೆಯಂತೆ. ಆಗ ಹೋದರೆ ತೊಂದರೆಯೇ? ಚಂಡಮಾರುತ ಬಂದರೆ ವಿಮೆ ನೆರವಿಗೆ ಬರುತ್ತದೆಯೇ?

ಉತ್ತರ: ಮಳೆ ಬೇರೆ, ಚಂಡಮಾರುತ ಬೇರೆ. ಮಳೆಯಷ್ಟೇ ಇದ್ದರೆ ಅರ್ಧ ದಿನ ಸುರಿದು ಅರ್ಧ ದಿನ ಬಿಸಿಲು ಕಾಯುವುದೂ ಉಂಟು. ಚಂಡಮಾರುತ ಹುಟ್ಟಲು ಬೆಚ್ಚನೆಯ ಕಡಲಿನ ಜೊತೆಗೆ ಭೂಮಿಯ ಆವರ್ತನೆಯಿಂದ ಗಾಳಿಗೆ ಸಿಗುವ ತಿರುವೂ ಬೇಕು. ಆ ತಿರುವು ಭೂಮಧ್ಯರೇಖೆಯ ಹತ್ತಿರ ತೀರ ದುರ್ಬಲ. ಅದಕ್ಕಾಗಿಯೇ ರೇಖೆಯ ಎರಡೂ ಬದಿಗೆ ಐದು ಡಿಗ್ರಿಯೊಳಗೆ ಚಂಡಮಾರುತಗಳು ಹುಟ್ಟುವುದು ಬಹಳ ಅಪರೂಪ, ಮತ್ತು ಸೇಶೆಲ್ಸ್‌ನ ಮುಖ್ಯ ದ್ವೀಪಗಳು ಹೆಚ್ಚಾಗಿ ಅವುಗಳಿಂದ ಪಾರಾಗುತ್ತವೆ. ಅದೇ ಹಿಂದೂ ಮಹಾಸಾಗರದಲ್ಲಿ ಇನ್ನಷ್ಟು ದಕ್ಷಿಣಕ್ಕಿರುವ ಮಾರಿಷಸ್‌ಗೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಪಾಯವಿದೆ. ಪೆಸಿಫಿಕ್‌ನ ಫಿಜಿ, ವನುವಾಟುಗಳಿಗೂ ಅದೇ ತಿಂಗಳುಗಳು. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಅದರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಹೆಚ್ಚು. ಆದರೆ ತೀರ ದಕ್ಷಿಣದಲ್ಲಿರುವ ಅರುಬಾ, ಬೊನೇರ್, ಕುರಸಾವೊ ದ್ವೀಪಗಳಿಗೆ ಅದರ ಹೊಡೆತ ಕಡಿಮೆ. ಒಂದೇ ದೇಶದೊಳಗೂ ವ್ಯತ್ಯಾಸವಿರುತ್ತದೆ. ಥಾಯ್ಲೆಂಡ್‌ನ ಪಶ್ಚಿಮಕ್ಕಿರುವ ಫುಕೆಟ್‌ನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಯಾದರೆ, ಪೂರ್ವದ ಕೊಹ್ ಸಮುಯಿಯಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ.

ವಿಮೆಯನ್ನು ಟಿಕೆಟ್ ಕೊಂಡ ದಿನವೇ ಮಾಡಿಸಿ. ಚಂಡಮಾರುತಕ್ಕೆ ಹೆಸರಿಟ್ಟು ಪ್ರಕಟಿಸಿದ ಮೇಲೆ ಅದು ಗೊತ್ತಿದ್ದ ಘಟನೆಯಾಗುತ್ತದೆ, ಆ ನಂತರ ಕೊಂಡ ವಿಮೆ ಸಾಮಾನ್ಯವಾಗಿ ಅದರ ನಷ್ಟವನ್ನು ತುಂಬುವುದಿಲ್ಲ. ನಿಮ್ಮ ಸರ್ಕಾರವೇ ಆ ಜಾಗಕ್ಕೆ ಹೋಗಬೇಡಿ ಎಂದು ಸೂಚನೆ ಹೊರಡಿಸಿದ ಮೇಲೂ ಹೋದರೆ ಎಷ್ಟೋ ಪಾಲಿಸಿಗಳು ಪೂರ್ತಿಯಾಗಿ ಅನೂರ್ಜಿತವಾಗುತ್ತವೆ. ದ್ವೀಪದಿಂದ ದೊಡ್ಡ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚ ಪಾಲಿಸಿಯಲ್ಲಿ ಸೇರಿದೆಯೇ ಎಂಬ ಒಂದು ಸಾಲನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ.

ಪ್ರಶ್ನೆ: ಕೆಲವು ದ್ವೀಪಗಳಲ್ಲಿ ಇಷ್ಟೇ ಜನ, ಇಷ್ಟೇ ದಿನ ಎಂಬ ಮಿತಿ ಇದೆಯಲ್ಲ, ಹಣ ಕೊಟ್ಟು ಬರುವವರನ್ನು ಹೀಗೆ ತಡೆಯುವುದು ನ್ಯಾಯವೇ?

ಉತ್ತರ: ನ್ಯಾಯವೆಂದೇ ನಾನು ನಂಬಿದ್ದೇನೆ. ಥಾಯ್ಲೆಂಡ್‌ನ ಮಾಯಾ ಬೇ ಎಂಬ ಪುಟ್ಟ ಕೊಲ್ಲಿಗೆ ಒಂದು ಕಾಲದಲ್ಲಿ ದಿನಕ್ಕೆ ಸಾವಿರಾರು ಜನ ದೋಣಿಗಳಲ್ಲಿ ಬರುತ್ತಿದ್ದರು. ಲಂಗರುಗಳು ಉಜ್ಜಿ, ಕಾಲುಗಳು ತುಳಿದು ಅಲ್ಲಿನ ಹವಳ ನಾಶವಾಯಿತು. 2018ರ ಜೂನ್‌ನಲ್ಲಿ ಮುಚ್ಚಿದ ಆ ಕೊಲ್ಲಿಯನ್ನು ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಆಮೇಲೆ ದೋಣಿಗಳು ದ್ವೀಪದ ಹಿಂಬದಿಯಲ್ಲಿ ನಿಲ್ಲುವಂತಾಯಿತು, ಕೊಲ್ಲಿಯಲ್ಲಿ ಈಜುವುದು ನಿಷೇಧಕ್ಕೆ ಒಳಗಾಯಿತು. ಫಿಲಿಪ್ಪೀನ್ಸ್‌ನ ಬೊರಕಾಯ್ ದ್ವೀಪವನ್ನು 2018ರಲ್ಲಿ ಆರು ತಿಂಗಳು ಪೂರ್ತಿಯಾಗಿ ಮುಚ್ಚಿ ಅದರ ಚರಂಡಿ ವ್ಯವಸ್ಥೆಯನ್ನು ಸರಿಪಡಿಸಬೇಕಾಯಿತು. ಮಿತಿಯನ್ನು ಮೊದಲೇ ಇಟ್ಟುಕೊಂಡ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪಕ್ಕೆ ಈ ಗತಿ ಬರಲಿಲ್ಲ. ಅಲ್ಲಿ ಯಾವುದೇ ಹೊತ್ತಿನಲ್ಲಿ 400ಕ್ಕಿಂತ ಹೆಚ್ಚು ಪ್ರವಾಸಿಗಳು ಇರುವಂತಿಲ್ಲ. ಈಸ್ಟರ್ ದ್ವೀಪ 2018ರಿಂದ ತಂಗುವ ಅವಧಿಯನ್ನು 90 ದಿನದಿಂದ 30 ದಿನಕ್ಕೆ ಇಳಿಸಿದೆ. ಬಾಲಿ 2024ರ ಫೆಬ್ರವರಿ 14ರಿಂದ ವಿದೇಶಿ ಪ್ರವಾಸಿಗಳಿಂದ ತಲಾ 1,50,000 ಇಂಡೊನೇಷ್ಯಾ ರುಪಿಯಾ ಶುಲ್ಕ ಪಡೆಯುತ್ತಿದೆ. ಸ್ವಂತ ದೇಶದವರನ್ನೂ ಅನುಮತಿಯಿಲ್ಲದೆ ಬಿಡದ ದ್ವೀಪಗಳಿವೆ: ಲಕ್ಷದ್ವೀಪಕ್ಕೆ ಭಾರತದ ಬೇರೆ ಭಾಗದವರೂ ಪ್ರವೇಶ ಪರವಾನಗಿ ಪಡೆದೇ ಹೋಗಬೇಕು. ಅಂಡಮಾನ್‌ನ ಉತ್ತರ ಸೆಂಟಿನೆಲ್ ದ್ವೀಪದ ಸುತ್ತ ಐದು ನಾಟಿಕಲ್ ಮೈಲಿಯೊಳಗೆ ಯಾರೂ ಸುಳಿಯುವಂತಿಲ್ಲ, ಏಕೆಂದರೆ ಹೊರಗಿನವರ ಒಂದು ಸಾಮಾನ್ಯ ನೆಗಡಿಯೂ ಅಲ್ಲಿನ ಜನರ ಪ್ರಾಣ ತೆಗೆಯಬಹುದು.

ಪ್ರಶ್ನೆ: ಸಾಮಾನಿನಲ್ಲಿ ಏನನ್ನು ಒಯ್ಯಬಾರದು? ನೆನಪಿಗೆ ಚಿಪ್ಪು, ಹವಳ ತರಬಹುದೇ?

ಉತ್ತರ: ಮಾಲ್ಡೀವ್ಸ್‌ಗೆ ಮದ್ಯ, ಹಂದಿಮಾಂಸದ ಪದಾರ್ಥ, ಇ-ಸಿಗರೇಟ್ ಒಯ್ಯುವಂತಿಲ್ಲ. ಪ್ರಬಲ ನೋವುನಿವಾರಕಗಳು, ನಿದ್ರೆ ಮಾತ್ರೆಗಳು ಕೆಲವು ದೇಶಗಳಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿರುವುದರಿಂದ ಔಷಧಗಳನ್ನು ಅವುಗಳ ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ. ಡ್ರೋನ್‌ಗೆ ಮುಂಚೆಯೇ ಅನುಮತಿ ಕೇಳಿ. ಸನ್‌ಸ್ಕ್ರೀನ್ ಬಗ್ಗೆ ಎಚ್ಚರವಿರಲಿ: ಹವಳಕ್ಕೆ ಹಾನಿ ಮಾಡುವ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳನ್ನು ಪೆಸಿಫಿಕ್‌ನ ದ್ವೀಪ ರಾಷ್ಟ್ರ ಪಲಾವು 2020ರಿಂದ ನಿಷೇಧಿಸಿದೆ, ಹವಾಯಿ 2021ರಿಂದ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವವುಗಳ ಮಾರಾಟ ನಿಲ್ಲಿಸಿದೆ. ತೋಳುದ್ದದ ಈಜು ಅಂಗಿ ಒಂದಿದ್ದರೆ ಹಚ್ಚಿಕೊಳ್ಳುವ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ.

ಹವಳವನ್ನು ತರಲೇಬೇಡಿ. ಗಟ್ಟಿ ಹವಳ, ದೈತ್ಯ ಕಪ್ಪೆಚಿಪ್ಪುಗಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣದಲ್ಲಿವೆ. ಅಂಗಡಿಯವರು ರಸೀದಿ ಕೊಟ್ಟರೂ ಅದು ರಫ್ತು ಪರವಾನಗಿಯಾಗುವುದಿಲ್ಲ. ಸೇಶೆಲ್ಸ್‌ನ ಜೋಡಿ ತೆಂಗಿನಕಾಯಿಯನ್ನು ಕೊಳ್ಳುವುದಾದರೆ ಅಧಿಕೃತ ಪ್ರಮಾಣಪತ್ರವನ್ನೂ ಪಡೆಯಿರಿ. ಖಾಲಿ ಚಿಪ್ಪೆಂದು ನೀವು ಜೇಬಿಗೆ ಹಾಕಿಕೊಂಡದ್ದು ಸನ್ಯಾಸಿ ಏಡಿಯೊಂದಕ್ಕೆ ನಾಳೆಯ ಮನೆ. ಬೆಳಿಗ್ಗೆ ತೀರದಲ್ಲಿ ಹತ್ತು ನಿಮಿಷ ಅಲುಗದೆ ಕುಳಿತು ನೋಡಿ, ಚಿಕ್ಕದಾದ ಚಿಪ್ಪಿನಿಂದ ಮೆತ್ತನೆಯ ಹಿಂಬದಿಯನ್ನು ಸರ್ರನೆ ಎಳೆದುಕೊಂಡು ಅದು ಪಕ್ಕದ ದೊಡ್ಡ ಚಿಪ್ಪಿಗೆ ದಾಟಿಕೊಳ್ಳುವುದು ಕಣ್ಣಿಗೆ ಬೀಳಬಹುದು.

ಪ್ರಶ್ನೆ: ಕೊನೆಯ ದಿನ ಸ್ಕೂಬಾ ಡೈವಿಂಗ್ ಮುಗಿಸಿ ಅದೇ ಸಂಜೆ ವಿಮಾನ ಹತ್ತಬಹುದೇ?

ಉತ್ತರ: ಕೂಡದು. ನೀರಿನಾಳದ ಒತ್ತಡದಲ್ಲಿ ದೇಹದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮುಂಚೆ ವಿಮಾನದ ಕಡಿಮೆ ಒತ್ತಡಕ್ಕೆ ಹೋದರೆ ಅದು ರಕ್ತದಲ್ಲಿ, ಕೀಲುಗಳಲ್ಲಿ ಗುಳ್ಳೆಯಾಗಿ ಪ್ರಾಣಕ್ಕೆ ಕುತ್ತು ತರಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ದ್ವೀಪಗಳ ನಡುವೆ ಹಾರುವ ಸಣ್ಣ ವಿಮಾನಕ್ಕೂ ಈ ನಿಯಮ ಅನ್ವಯಿಸುತ್ತದೆ. ಮಾಲ್ಡೀವ್ಸ್‌ನ ಸೀಪ್ಲೇನ್‌ಗಳು ಹಗಲಿನಲ್ಲಿ ಮಾತ್ರ ಹಾರುವುದರಿಂದ ರಾತ್ರಿಯ ದೊಡ್ಡ ವಿಮಾನಕ್ಕೂ ಮಧ್ಯಾಹ್ನವೇ ಹೊರಡಬೇಕಾಗುತ್ತದೆ. ಬಾಲಿಯಲ್ಲಾದರೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುವ ನ್ಯೇಪಿ ಎಂಬ ಮೌನದ ದಿನ ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ. ಹೀಗಾಗಿ ಡೈವಿಂಗನ್ನು ಪ್ರವಾಸದ ಮೊದಲ ದಿನಗಳಲ್ಲೇ ಮುಗಿಸಿ, ಕೊನೆಯ ರಾತ್ರಿಯನ್ನು ದೊಡ್ಡ ವಿಮಾನ ನಿಲ್ದಾಣವಿರುವ ದ್ವೀಪದಲ್ಲಿ ಕಳೆಯುವಂತೆ ಯೋಜಿಸಿಕೊಳ್ಳಿ. ಕೊನೆಯ ದಿನ ನೀರಿಗಿಳಿಯದೆ ಮನಸ್ಸು ತಡೆಯದಿದ್ದರೆ, ಮೇಲ್ಮೈಯಲ್ಲೇ ತೇಲುತ್ತ ಉಸಿರುಕೊಳವೆ ಹಿಡಿದು ಮೀನು ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.