ಕಾನೂನು ಓದಿ, ಸದನದ ಹಿಂದಿನ ಸಾಲಿನಲ್ಲಿ ಕೂರುವ ಸಂಸದರೊಬ್ಬರ ಕಚೇರಿಗೆ ಸೇರುತ್ತಿದ್ದೇನೆ: ಭಾಷಣಕ್ಕೆ ತಯಾರಾಗಲೋ, ಖಾಸಗಿ ಮಸೂದೆಗೋ?

ಎರಡಕ್ಕೂ ಬೇಡ, ಭಾಷಣಕ್ಕೂ, ಸಚಿವರಲ್ಲದ ಸದಸ್ಯರು ತರುವ ಖಾಸಗಿ ಮಸೂದೆಗೂ. ಮೊದಲು ಸದನದಲ್ಲಿ ಸಚಿವರಿಗೆ ಹಾಕುವ ಪ್ರಶ್ನೆ ಬರೆಯುವುದನ್ನು ಕಲಿಯಿರಿ.

ನಾನೂ ಮಂಡ್ಯದಿಂದ ದೆಹಲಿಗೆ ಹೋಗಿ ಇದೇ ಕೆಲಸ ಮಾಡಿದವನು. ನನ್ನ ಸಂಸದರು ಹಳೇ ಮೈಸೂರು ಕಡೆಯ, ಮೊದಲ ಸಲ ಗೆದ್ದ ಸದಸ್ಯರು. ಪಕ್ಷದಲ್ಲಿ ಹೇಳಿಕೊಳ್ಳುವಂಥ ಸ್ಥಾನವಿಲ್ಲ, ಕೂರುವುದು ಹಿಂದಿನ ಸಾಲಿನಲ್ಲಿ. ಕಚೇರಿಯಲ್ಲಿ ಎಲ್ಲರ ತಲೆಯಲ್ಲೂ ಇದ್ದದ್ದು ಭಾಷಣವೇ. ಆ ಗುಂಗಿನಲ್ಲಿ ಲೋಕಸಭೆಗೆ ಹೋದ ಕಬ್ಬಿನ ಬಾಕಿಯ ಪ್ರಶ್ನೆ ಹೀಗಿತ್ತು:

"ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಕಾರ್ಖಾನೆಗಳ ವಿಳಂಬ ಧೋರಣೆಯಿಂದ ಕಂಗಾಲಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ ಕೈಗೊಂಡ ಕ್ರಮಗಳೇನು?"

ಊರಲ್ಲಿ ಓದಿ ಹೇಳಿದರೆ ಚಪ್ಪಾಳೆ ಬೀಳುವ ವಾಕ್ಯ. ಸದನದಲ್ಲಿ ಇದಕ್ಕೆ ಸಿಕ್ಕಿದ್ದು ಒಂದು ಪ್ಯಾರಾ ಉತ್ತರ. ಕಬ್ಬಿನ ಬಾಕಿ ಕೊಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ವಹಿಸಲಾಗಿದೆ ಎಂಬ ಮಾತು, ಅದರ ಕೆಳಗೆ ಕೇಂದ್ರದ ಯೋಜನೆಗಳ ಪಟ್ಟಿ. ಒಂದು ಅಂಕಿಯೂ ಇಲ್ಲ. ಎಲ್ಲಿ ಕೆಟ್ಟಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸ ಕಚೇರಿಗಳಿಂದ ಹೋಗುವ ಪ್ರಶ್ನೆಯ ನೋಟಿಸುಗಳು ಹೆಚ್ಚಾಗಿ ಕೆಡುವುದು ಇಲ್ಲೇ.

ಮೊದಲನೆಯದು ಸಚಿವಾಲಯ. ಕಬ್ಬು ಬೆಳೆ ತಾನೇ ಎಂದು ನೋಟಿಸಿನ ಮೇಲೆ ಕೃಷಿ ಸಚಿವಾಲಯ ಎಂದು ಬರೆದಿತ್ತು. ಸಕ್ಕರೆ ಕಾರ್ಖಾನೆ, ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಗೊತ್ತು ಮಾಡುವ ಕನಿಷ್ಠ ಬೆಲೆ), ಬಾಕಿ ಎಲ್ಲವೂ ಬರುವುದು ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವಾಲಯಕ್ಕೆ. ಎಥೆನಾಲ್ ಖರೀದಿ ಬೆಲೆ ಕೇಳಬೇಕೆಂದರೆ ಪೆಟ್ರೋಲಿಯಂ ಸಚಿವಾಲಯ. ಒಂದೊಂದು ಸಚಿವಾಲಯಕ್ಕೂ ವಾರದಲ್ಲಿ ಉತ್ತರಿಸುವ ದಿನ ಗೊತ್ತು ಮಾಡಿರುತ್ತಾರೆ. ಸಚಿವಾಲಯ ತಪ್ಪಿದರೆ ಪ್ರಶ್ನೆ ವರ್ಗವಾಗುತ್ತದೆ, ಅದರ ಜೊತೆ ದಿನವೂ ಹೋಗುತ್ತದೆ.

ಎರಡನೆಯದು "ವಿಳಂಬ ಧೋರಣೆ", "ಕಂಗಾಲು". ಲೋಕಸಭೆಯ ನಿಯಮ 41ರ ಪ್ರಕಾರ ಪ್ರಶ್ನೆಯಲ್ಲಿ ವಾದ, ಊಹೆ, ಆರೋಪ, ವ್ಯಂಗ್ಯ, ವಿಶೇಷಣ ಇರಕೂಡದು. 150 ಪದ ಮೀರಕೂಡದು. ಭಾರತ ಸರ್ಕಾರ ಮುಖ್ಯವಾಗಿ ಹೊಣೆಯಲ್ಲದ ವಿಷಯ ಎತ್ತಕೂಡದು. ನ್ಯಾಯಾಲಯದ ಮುಂದಿರುವ ವಿಷಯವೂ ಸಲ್ಲದು. ಕಾವೇರಿ ವಿಷಯ ಕೇಳುವ ನಮ್ಮ ಕಡೆಯವರು ಇದನ್ನು ಸದಾ ನೆನಪಿಟ್ಟುಕೊಂಡಿರಬೇಕು.

ಇವೆರಡನ್ನೂ ತಿದ್ದಬಹುದಿತ್ತು. ನಿಜವಾಗಿ ಕೆಡಿಸಿದ್ದು ಮೂರನೆಯದು: ಆ ಪ್ರಶ್ನೆ ರೈತರ ಕಷ್ಟವನ್ನು ಕೇಳಿತೇ ಹೊರತು ಕೇಂದ್ರದ ಹೊಣೆಯನ್ನು ಕೇಳಲಿಲ್ಲ. "ಗಮನಕ್ಕೆ ಬಂದಿದೆಯೇ" ಎಂದರೆ ಬಂದಿದೆ ಎನ್ನುತ್ತಾರೆ. "ಕ್ರಮಗಳೇನು" ಎಂದರೆ ಯೋಜನೆಗಳ ಹೆಸರು ಬರೆಯುತ್ತಾರೆ. ಉತ್ತರ ತಯಾರಿಸುವ ಅಧಿಕಾರಿಯನ್ನು ಬೈದು ಪ್ರಯೋಜನವಿಲ್ಲ. ಪ್ರಶ್ನೆಯೇ ದಾರಿ ಬಿಟ್ಟುಕೊಟ್ಟಿತ್ತು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಈಗಾಗಲೇ ಉತ್ತರ ಕೊಟ್ಟಿರುವ ಪ್ರಶ್ನೆಯನ್ನು ಸಾರಾಂಶದಲ್ಲಿ ಮತ್ತೆ ಕೇಳುವಂತಿಲ್ಲ ಎಂಬ ನಿಯಮವಿದೆ. ತಿರಸ್ಕೃತವಾದ ನೋಟಿಸನ್ನು ತಿದ್ದಿ ಕಳಿಸಬಹುದು. ಸಡಿಲವಾಗಿ ಬರೆದ ಪ್ರಶ್ನೆ ಅಂಗೀಕಾರವಾಗಿ, ಅದಕ್ಕೆ ಸಡಿಲ ಉತ್ತರವೂ ಬಂದುಬಿಟ್ಟರೆ ಆ ವಿಷಯವನ್ನು ಮತ್ತೆ ಎತ್ತುವುದು ಕಷ್ಟ. ಹಂಗಾಮು ಮುಗಿಯುತ್ತದೆ, ರೈತರ ಹಣ ಬಾಕಿಯೇ ಉಳಿಯುತ್ತದೆ.

ಹಾಗಾದರೆ ಕೇಂದ್ರದ ಹೊಣೆ ಎಲ್ಲಿದೆ? 1966ರ ಕಬ್ಬು (ನಿಯಂತ್ರಣ) ಆದೇಶದಲ್ಲಿದೆ. ಅದು ಅಗತ್ಯ ವಸ್ತುಗಳ ಕಾಯ್ದೆಯಡಿ ಕೇಂದ್ರವೇ ಹೊರಡಿಸಿದ್ದು. ಅದರ 3(3)ನೇ ಕಲಮಿನಂತೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ 3(3ಎ) ಪ್ರಕಾರ ವರ್ಷಕ್ಕೆ ಶೇ 15ರ ಬಡ್ಡಿ. ಆದೇಶ ಅವರದು, ಜಾರಿಯ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟವರೂ ಅವರೇ. ಆದ್ದರಿಂದ ಲೆಕ್ಕ ಕೇಳುವ ಹಕ್ಕು ಸಂಸದರಿಗಿದೆ. ಅದೇ ವಿಷಯವನ್ನು ಹೀಗೆ ಬರೆಯಬೇಕು:

(ಅ) ಕಳೆದ ಮೂರು ಸಕ್ಕರೆ ಹಂಗಾಮುಗಳಲ್ಲಿ ಕರ್ನಾಟಕದ ಕಾರ್ಖಾನೆಗಳು ಎಫ್‌ಆರ್‌ಪಿ ಪ್ರಕಾರ ಕೊಡಬೇಕಾಗಿದ್ದ, ಕೊಟ್ಟ ಮತ್ತು ಬಾಕಿ ಉಳಿಸಿಕೊಂಡ ಮೊತ್ತ, ಹಂಗಾಮುವಾರು ಮತ್ತು ಕಾರ್ಖಾನೆವಾರು;
(ಆ) ಅದರಲ್ಲಿ 14 ದಿನ ಮೀರಿ ಪಾವತಿಸಿದ ಮೊತ್ತ;
(ಇ) 3(3ಎ) ಕಲಮಿನಡಿ ಬಡ್ಡಿ ಕೊಟ್ಟಿರುವ ಕಾರ್ಖಾನೆಗಳು ಮತ್ತು ಆ ಮೊತ್ತ, ಮತ್ತು
(ಈ) ಬಡ್ಡಿ ಕೊಟ್ಟಿಲ್ಲದಿದ್ದರೆ ಅದಕ್ಕೆ ಕಾರಣಗಳು?

ಇದರಲ್ಲಿ ವಿಶೇಷಣ ಒಂದೂ ಇಲ್ಲ. "ಮಂಡ್ಯ" ಎಂಬ ಹೆಸರೂ ಬೇಕಿಲ್ಲ, ಕಾರ್ಖಾನೆವಾರು ಪಟ್ಟಿ ಬಂದರೆ ಜಿಲ್ಲೆ ತಾನಾಗಿ ಕಾಣುತ್ತದೆ. ಮೈಷುಗರ್‌ನಂಥ ರಾಜ್ಯ ಸರ್ಕಾರದ ಕಂಪನಿಯ ಆಡಳಿತದ ಬಗ್ಗೆ ಲೋಕಸಭೆಯಲ್ಲಿ ನೇರವಾಗಿ ಕೇಳಿದರೆ ನಿಲ್ಲುವುದಿಲ್ಲ. ಅದನ್ನು ವಿಧಾನಸಭೆಯಲ್ಲಿ ನಿಮ್ಮ ಕಡೆಯ ಶಾಸಕರು ಕೇಳಬೇಕು.

ಬರೆಯುವ ಮುಂಚೆ ಕೈಯಲ್ಲಿ ಕಾಗದ ಇರಲಿ. ನಾಲ್ಕೈದು ರೈತರ ತೂಕದ ಚೀಟಿ, ಪಾಸ್‌ಬುಕ್ಕಿನಲ್ಲಿ ಹಣ ಜಮಾ ಆದ ಪುಟ ಇಷ್ಟು ಸಾಕು. ಕಬ್ಬು ಹೋದ ದಿನಾಂಕ, ಹಣ ಬಿದ್ದ ದಿನಾಂಕ, ನಡುವಿನಲ್ಲಿ 14 ದಿನ ಕಳೆದು ಲೆಕ್ಕ ಹಾಕಿ. ಉದಾಹರಣೆಗೆ, 2024–25ರ ಹಂಗಾಮಿಗೆ ಎಫ್‌ಆರ್‌ಪಿ ಕ್ವಿಂಟಲಿಗೆ ₹340 ಇತ್ತು, ಅದು ಶೇ 10.25 ಸಕ್ಕರೆ ಇಳುವರಿಗೆ (ಅರೆದ ಕಬ್ಬಿನಲ್ಲಿ ಸಿಗುವ ಸಕ್ಕರೆಯ ಪಾಲು). ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇಳುವರಿಯ ಕಾರ್ಖಾನೆಗೆ ₹315.10. ನಮ್ಮ ಕಡೆ ಬೆಳಗಾವಿ ಸೀಮೆಯಷ್ಟು ಇಳುವರಿ ಬರುವುದಿಲ್ಲವಾದ್ದರಿಂದ ಈ ಎರಡನೇ ದರ ಇಟ್ಟುಕೊಂಡು ನೋಡೋಣ. 40 ಟನ್ ಕಬ್ಬಿಗೆ, ಕಟಾವು ಮತ್ತು ಸಾಗಣೆ ಖರ್ಚು ಕಳೆಯುವ ಮೊದಲು, ₹1,26,040. 14 ದಿನದ ಮೇಲೆ 60 ದಿನ ತಡವಾದರೆ ಬಡ್ಡಿ ಸುಮಾರು ₹3,108. ಒಬ್ಬ ರೈತನಿಗೆ ಇದು ಗೊಬ್ಬರದ ದುಡ್ಡು. ಒಂದು ಕಾರ್ಖಾನೆಗೆ ಕಬ್ಬು ಹಾಕಿದ ಸಾವಿರಾರು ಜನರಿಗೆ ಗುಣಿಸಿದರೆ ಅದು ಕೋಟಿಗಳ ಮಾತು. ಈ ಒಂದು ಲೆಕ್ಕದ ಹಾಳೆ ಹತ್ತು ನಿಮಿಷದ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ನೋಟಿಸಿನ ಕ್ರಮ. ಉತ್ತರದ ದಿನಕ್ಕೆ ಕನಿಷ್ಠ 15 ಪೂರ್ಣ ದಿನ ಮೊದಲೇ ನೋಟಿಸ್ ಹೋಗಿರಬೇಕು. ಅಧಿವೇಶನ ಕರೆದ ಕೂಡಲೇ ಲೋಕಸಭಾ ಸಚಿವಾಲಯ ಯಾವ ಸಚಿವಾಲಯಕ್ಕೆ ಯಾವ ದಿನ, ನೋಟಿಸಿಗೆ ಯಾವ ಕೊನೆಯ ದಿನ ಎಂಬ ಪಟ್ಟಿ ಹೊರಡಿಸುತ್ತದೆ. ಅದನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿ. ಅಧಿವೇಶನ ಶುರುವಾದ ಮೇಲೆ ಯೋಚಿಸುತ್ತೇವೆ ಎನ್ನುವ ಕಚೇರಿಗೆ ಮೊದಲ ವಾರಗಳು ಆಗಲೇ ಕೈತಪ್ಪಿರುತ್ತವೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಮೌಖಿಕ ಉತ್ತರಕ್ಕೆ), 230 ಚುಕ್ಕೆ ಗುರುತಿಲ್ಲದ ಪ್ರಶ್ನೆ (ಲಿಖಿತ ಉತ್ತರಕ್ಕೆ). ಯಾರ ಪ್ರಶ್ನೆ ಪಟ್ಟಿಗೆ ಬರಬೇಕೆಂಬುದು ಲಾಟರಿಯಲ್ಲಿ ತೀರ್ಮಾನ. ಒಬ್ಬ ಸದಸ್ಯರದ್ದು ಒಂದು ದಿನಕ್ಕೆ ಹೆಚ್ಚೆಂದರೆ ಐದು ಬರಬಹುದು, ಅದರಲ್ಲಿ ಚುಕ್ಕೆ ಗುರುತಿನದು ಒಂದೇ.

ಎಲ್ಲರೂ ಆಸೆಪಡುವುದು ಚುಕ್ಕೆ ಗುರುತಿನದಕ್ಕೆ, ಟಿವಿಯಲ್ಲಿ ಮುಖ ಬರುತ್ತದೆ ಎಂದು. ಬೆಳಿಗ್ಗೆ 11ರಿಂದ 12ರವರೆಗಿನ ಆ ಒಂದು ಗಂಟೆಯಲ್ಲಿ 20ರ ಪೈಕಿ ಮೊದಲ ಕೆಲವಕ್ಕೆ ಮಾತ್ರ ಮೌಖಿಕ ಉತ್ತರ ಸಿಗುತ್ತದೆ. ಗದ್ದಲವಾದರೆ ಅದೂ ಇಲ್ಲ. ಹಿಂದಿನ ಸಾಲಿನವರಿಗೆ ನನ್ನ ಸಲಹೆ: ಅಂಕಿ ಬೇಕಾದರೆ ಚುಕ್ಕೆ ಇಲ್ಲದ್ದನ್ನೇ ಹಾಕಿ. ಗದ್ದಲವಿದ್ದರೂ ಲಿಖಿತ ಉತ್ತರ ಮಂಡನೆಯಾಗುತ್ತದೆ, ಕೋಷ್ಟಕ ಅನುಬಂಧವಾಗಿ ಬರುತ್ತದೆ. ಚುಕ್ಕೆ ಗುರುತಿನದಕ್ಕೆ ಪಟ್ಟಿಯಲ್ಲಿ ಮೇಲಿನ ಸ್ಥಾನ ಬಂದರೆ ಮಾತ್ರ ಎರಡು ಉಪಪ್ರಶ್ನೆ ತಯಾರು ಮಾಡಿ, ತಲಾ ಎರಡು ವಾಕ್ಯ. ಸಚಿವರ ಲಿಖಿತ ಉತ್ತರದ ಒಂದು ಸಂಖ್ಯೆಯನ್ನು ಹಿಡಿದೇ ಕೇಳಬೇಕು. ಪೀಠಿಕೆ ಶುರುವಾದರೆ ಸಭಾಧ್ಯಕ್ಷರು ಅಲ್ಲೇ ತಡೆಯುತ್ತಾರೆ.

"ಮಾಹಿತಿ ಸಂಗ್ರಹಿಸಲಾಗುತ್ತಿದ್ದು ಸದನದಲ್ಲಿ ಮಂಡಿಸಲಾಗುವುದು" ಎಂದು ಉತ್ತರ ಬಂದರೆ ಬೇಸರಪಡಬೇಡಿ, ಅದು ಒಳ್ಳೆಯ ಸುದ್ದಿ. ಆ ಮಾತು ಸರ್ಕಾರದ ಭರವಸೆಯಾಗಿ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಸಚಿವಾಲಯವನ್ನು ಕೇಳುತ್ತದೆ. ದಿನಾಂಕ, ಪ್ರಶ್ನೆ ಸಂಖ್ಯೆ, ಆ ವಾಕ್ಯ, ಮೂರು ತಿಂಗಳು ಮುಗಿಯುವ ದಿನ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಉತ್ತರ ಅರ್ಧಂಬರ್ಧವಾಗಿದ್ದರೆ ನಿಯಮ 55ರಡಿ ಅರ್ಧ ಗಂಟೆ ಚರ್ಚೆ ಕೇಳಬಹುದು, ಮೂರು ದಿನದ ನೋಟಿಸ್ ಕೊಟ್ಟು. ಪ್ರಶ್ನೆಯ ರೂಪದಲ್ಲಲ್ಲದೆ ವಿಷಯ ಎತ್ತಲು ಶೂನ್ಯ ವೇಳೆ, ನಿಯಮ 377 ಇವೂ ಇವೆ. 377ರಲ್ಲಿ ಅಂಗೀಕಾರವಾದ ಪಠ್ಯವನ್ನಷ್ಟೇ ಓದಬೇಕು, ವಾರಕ್ಕೊಂದೇ ಅವಕಾಶ. ಆದರೆ ಸಚಿವರಿಂದ ಪತ್ರದಲ್ಲಿ ಉತ್ತರ ಬರುತ್ತದೆ, ಅದಕ್ಕೇ ಅದರ ಬೆಲೆ.

ಖಾಸಗಿ ಮಸೂದೆಯ ಆಸೆ ನಿಮಗಿದೆ, ಕಾನೂನು ಓದಿದವರಿಗೆ ಅದು ಸಹಜ. ಇದುವರೆಗೆ ಸಂಸತ್ತಿನ ಎರಡೂ ಸದನ ದಾಟಿ ಕಾಯ್ದೆಯಾದ ಖಾಸಗಿ ಮಸೂದೆಗಳು 14. ಕೊನೆಯದು 1970ರಲ್ಲಿ. ಒಂದು ತಿಂಗಳ ನೋಟಿಸ್, ಉದ್ದೇಶ ಮತ್ತು ಕಾರಣಗಳ ವಿವರಣೆ, ಖರ್ಚು ಬೀಳುವುದಾದರೆ ಹಣಕಾಸು ಜ್ಞಾಪನ, ಕೆಲವೊಮ್ಮೆ ರಾಷ್ಟ್ರಪತಿಗಳ ಶಿಫಾರಸು ಇಷ್ಟೆಲ್ಲ ಮುಗಿಸಿದರೆ ಶುಕ್ರವಾರ ಮಧ್ಯಾಹ್ನ ಇಂಥ ಮಸೂದೆಗಳಿಗೆಂದು ಇಟ್ಟ ಎರಡೂವರೆ ತಾಸಿನಲ್ಲಿ ಒಂದು ಜಾಗಕ್ಕಾಗಿ ಮತ್ತೆ ಲಾಟರಿ. ಆ ಹೊತ್ತಿಗೆ ಬಹಳ ಸದಸ್ಯರು ಊರಿಗೆ ಹೊರಟಿರುತ್ತಾರೆ. ಐದು ವರ್ಷದಲ್ಲಿ ಒಂದು ಮಾಡಿ, ಮನಸ್ಸಿಟ್ಟು ಮಾಡಿ. ಮೊದಲ ವರ್ಷ ಬೇಡ.

ಭಾಷಣದ ಸಮಯವನ್ನು ಪಕ್ಷದ ಬಲದ ಮೇಲೆ ಹಂಚುತ್ತಾರೆ, ಪಕ್ಷದೊಳಗೆ ಹಿರಿಯರಿಗೆ ಮೊದಲು. ನಿಮ್ಮವರ ಸರದಿ ಸಂಜೆಯ ಮೇಲೆ, ಕೆಲವೇ ನಿಮಿಷ. ಅವಕಾಶ ಬಂದಾಗ ಕನ್ನಡದಲ್ಲೇ ಮಾತಾಡಲಿ. ಮೊದಲೇ ತಿಳಿಸಿದರೆ ಅನುವಾದದ ವ್ಯವಸ್ಥೆ ಇರುತ್ತದೆ. ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದು ಅಂಥ ವ್ಯವಸ್ಥೆ ಇಲ್ಲದ ಕಾಲದಲ್ಲಿ.

ಸ್ಥಾಯಿ ಸಮಿತಿಯನ್ನು ಮಾತ್ರ ಕಡೆಗಣಿಸಬೇಡಿ. ಇಲಾಖಾ ಸ್ಥಾಯಿ ಸಮಿತಿಗಳು 24, ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಸದನದಲ್ಲಿ ಮತ ಹಾಕುವಾಗ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಸಮಿತಿಯಲ್ಲಿ ವಿಪ್ ಇಲ್ಲ, ಕ್ಯಾಮೆರಾ ಇಲ್ಲ, ಎದುರಿಗೆ ಕೂರುವವರು ಇಲಾಖೆಯ ಕಾರ್ಯದರ್ಶಿಗಳು. ಬಜೆಟ್ ನಂತರ ಅನುದಾನದ ಬೇಡಿಕೆಗಳನ್ನು ಅಲ್ಲಿ ಬಾಬತ್ತುವಾರು ನೋಡುತ್ತಾರೆ. ನಿಮ್ಮವರು ಯಾವ ಸಮಿತಿ ಕೇಳಬೇಕೆಂದು ಪಕ್ಷದ ನಾಯಕರಿಗೆ ಮೊದಲೇ ಬರೆದು ಕೊಡಲಿ. ಮಂಡ್ಯದವರಾದರೆ ಆಹಾರ ಅಥವಾ ಕೃಷಿ ನನ್ನ ಆಯ್ಕೆ, ಪ್ರತಿಷ್ಠೆಗಾಗಿ ವಿದೇಶಾಂಗ ಬೇಡವೇ ಬೇಡ.

ಹೆದ್ದಾರಿಗೂ ಇದೇ ವಿಧಾನ. "ಬೆಂಗಳೂರು–ಮೈಸೂರು ರಸ್ತೆಯಿಂದ ಜನರಿಗೆ ತೊಂದರೆ" ಎಂದು ಬರೆಯಬೇಡಿ. ಹೆದ್ದಾರಿ 275ರ ನಿಡಘಟ್ಟ–ಮೈಸೂರು ಭಾಗ ಎಂದು ಗುರುತಿಸಿ. ಸರ್ವಿಸ್ ರಸ್ತೆ ಎಲ್ಲೆಲ್ಲಿ ತುಂಡಾಗಿದೆ, ಮಂಜೂರಾದ ಕೆಳಸೇತುವೆಗಳೆಷ್ಟು, ಮುಗಿದದ್ದೆಷ್ಟು, ಗಣಂಗೂರು ಟೋಲ್‌ನಲ್ಲಿ ವರ್ಷವಾರು ಸಂಗ್ರಹವೆಷ್ಟು ಎಂದು ಕೇಳಿ. ಬಂದ ಉತ್ತರವನ್ನು ಸಂಸದರ ಅಧ್ಯಕ್ಷತೆಯಲ್ಲಿ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ನಡೆಯುವ ದಿಶಾ ಸಭೆಗೆ (ಕೇಂದ್ರದ ಯೋಜನೆಗಳ ಪ್ರಗತಿ ನೋಡುವ ಜಿಲ್ಲಾ ಸಮಿತಿ) ತೆಗೆದುಕೊಂಡು ಹೋಗಿ. ದೆಹಲಿಯಲ್ಲಿ ಮುಗಿದಿದೆ ಎಂದು ಬರೆದುಕೊಟ್ಟ ಕೆಳಸೇತುವೆ ಮದ್ದೂರಿನ ಹತ್ತಿರ ಇನ್ನೂ ಗುಂಡಿಯಾಗಿಯೇ ಇದ್ದರೆ ಅಧಿಕಾರಿ ಅಲ್ಲಿ ಜಾರಿಕೊಳ್ಳುವ ಹಾಗಿಲ್ಲ.

ಕೊನೆಗೊಂದು ಎಚ್ಚರಿಕೆ. ಉತ್ತರದ ಪ್ರತಿ ಬೆಳಿಗ್ಗೆಯೇ ನಿಮ್ಮ ಕೈಗೆ ಬರಬಹುದು, ಮಂಡ್ಯದ ವರದಿಗಾರರ ಫೋನ್ ಅದಕ್ಕೂ ಮೊದಲೇ ಬರುತ್ತದೆ. ಸದನದಲ್ಲಿ ಕೊಡುವ ಅಥವಾ ಮಂಡಿಸುವ ಮುನ್ನ ಉತ್ತರವನ್ನು ಪ್ರಕಟಣೆಗೆ ಬಿಡುವಂತಿಲ್ಲ. 12 ಗಂಟೆ ದಾಟಿ ಮಂಡನೆಯಾದದ್ದು ಖಚಿತವಾದ ಮೇಲೆ ಕಳಿಸಿ. ಪತ್ರಿಕೆಗೆ ಮಾತ್ರ ಕಳಿಸಿ ಕೈತೊಳೆದುಕೊಳ್ಳಬೇಡಿ. ಕೋಷ್ಟಕದ ಸಮೇತ ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ರಾಜ್ಯದ ಕಬ್ಬು ಅಭಿವೃದ್ಧಿ ಆಯುಕ್ತರಿಗೆ, ಇನ್ನೊಂದು ತೂಕದ ಚೀಟಿ ಕೊಟ್ಟ ಆ ನಾಲ್ಕೈದು ರೈತರಿಗೆ, ಕನ್ನಡ ಮಾಡಿ.